ಆಕಾಶದಿಂದ ಅಳೆದ ನೆಲ: ವೈಮಾನಿಕ ಛಾಯಾಚಿತ್ರ ಕಲಿಸಿದ ಶಾಲೆಗಳ ಕಥೆ

ಕಂದಾಯ ಇಲಾಖೆಯ ಯಾವುದಾದರೂ ಒಂದು ಹಳೆಯ ಕಾಗದವನ್ನು ಕೈಗೆತ್ತಿಕೊಂಡು ನೋಡಿ. ನಕ್ಷೆ, ಜಮೀನು, ಜಿಲ್ಲೆ, ತಾಲ್ಲೂಕು, ಕಸಬಾ, ಮೌಜೆ, ತಹಶೀಲ್ದಾರ್, ಶಿರಸ್ತೇದಾರ್, ಹದ್ದುಬಸ್ತು. ಇವೆಲ್ಲವೂ ಅರಬ್ಬೀ, ಪಾರ್ಸಿ ಭಾಷೆಗಳಿಂದ ಹೊರಟು, ಆಡಳಿತದ ದಾರಿ ಹಿಡಿದು ಬಂದು, ಕನ್ನಡದ್ದೇ ಆಗಿಹೋದ ಪದಗಳು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಈ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದೆಂದರೆ ಬಹಳ ಇಷ್ಟ. ಮಕ್ಕಳಿಗೂ ಖುಷಿ. ಆದರೆ ಒಮ್ಮೆ ಇದೇ ಪಾಠದ ಕೊನೆಯಲ್ಲಿ, "ನಿಮ್ಮಲ್ಲಿ ಯಾರು ನಕ್ಷೆ ಮಾಡುವ ಕೆಲಸಕ್ಕೆ ಹೋಗುತ್ತೀರಿ?" ಎಂದು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಡಾಕ್ಟರ್ ಇದ್ದರು, ಇಂಜಿನಿಯರ್ ಇದ್ದರು, ಗಲ್ಫ್‌ಗೆ ಹೋಗುವವರಿದ್ದರು. ನಕ್ಷೆ ಎಂಬ ಮಾತು ನಮ್ಮದು, ನಕ್ಷೆಯ ವಿದ್ಯೆ ಮಾತ್ರ ಯಾರದೋ ಎಂಬಂತೆ ಇತ್ತು.

ಈ ವಿದ್ಯೆಯನ್ನು, ಅದರಲ್ಲೂ ವಿಮಾನದಿಂದ ಚಿತ್ರ ತೆಗೆದು ಭೂಮಿಯನ್ನು ಅಳೆಯುವ ವಿದ್ಯೆಯನ್ನು ನಮ್ಮ ದೇಶದ ವಿದ್ಯಾರ್ಥಿಗಳಿಗೆ ಯಾರು, ಎಲ್ಲಿ, ಹೇಗೆ ಕಲಿಸಿದರು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕಥೆ ವಿಮಾನಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ಒಂದು ಸರ್ವೇ ಶಾಲೆಯನ್ನು ತೆರೆಯಿತು. ಮೈಕೆಲ್ ಟಾಪಿಂಗ್ ಎಂಬವರು ಅದರ ಮುಖ್ಯಸ್ಥರು. ಮೊದಲ ತಂಡದಲ್ಲಿ ಇದ್ದದ್ದು ಕೇವಲ 8 ಹುಡುಗರು. ಅದೇ ಶಾಲೆ ಬೆಳೆದು ಇಂದು ಚೆನ್ನೈನ ಗಿಂಡಿ ಇಂಜಿನಿಯರಿಂಗ್ ಕಾಲೇಜಾಗಿದೆ. ಇನ್ನೂರು ವರ್ಷ ದಾಟಿದ ಈ ಕಾಲೇಜು ಹುಟ್ಟಿದ್ದು ಸೇತುವೆ ಕಟ್ಟಲು ಅಲ್ಲ, ಯಂತ್ರ ಮಾಡಲು ಅಲ್ಲ, ನೆಲ ಅಳೆಯಲು ಎಂಬುದನ್ನು ಗಮನಿಸಿ. ಏಕೆಂದರೆ ಅಳೆಯದ ನೆಲವನ್ನು ಆಳುವುದು ಕಷ್ಟವೆಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ಆ ಶಾಲೆಯ ಹುಡುಗರು ನಮ್ಮ ನಾಡಿಗೂ ಬಂದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ, ಕಂಪನಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಮೈಸೂರು ಸರ್ವೇ. ಕಾಲಿನ್ ಮೆಕೆಂಜಿಯ ಕೈಕೆಳಗೆ ಮದ್ರಾಸು ಶಾಲೆಯಲ್ಲಿ ಕಲಿತ ತರುಣರು ಊರೂರು ಸುತ್ತಿ ಕೆರೆ, ಕೋಟೆ, ದಾರಿ, ಗಡಿಗಳನ್ನು ಗುರುತಿಸಿದರು. ಅದೇ ಯುದ್ಧದಲ್ಲಿದ್ದ ಇನ್ನೊಬ್ಬ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರ ರೇಖೆಯೊಂದನ್ನು ಅಳೆದರು. 1802ರಲ್ಲಿ ಮದ್ರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಜನಕರು ಇವರೇ.

ಲ್ಯಾಂಬ್ಟನ್ ಬಗ್ಗೆ ಪ್ರಸಿದ್ಧವಾದ ಒಂದು ಘಟನೆ ಇದೆ. ಶ್ರೀರಂಗಪಟ್ಟಣದ ಮುತ್ತಿಗೆಯ ಸಮಯದಲ್ಲಿ ಒಂದು ರಾತ್ರಿ ಜನರಲ್ ಬೇರ್ಡ್‌ನ ಪಡೆ ಕತ್ತಲಲ್ಲಿ ದಾರಿ ತಪ್ಪಿತು. ದಕ್ಷಿಣಕ್ಕೆ ಹೋಗುತ್ತಿದ್ದೇವೆಂದು ತಿಳಿದು ಅವರು ಉತ್ತರಕ್ಕೆ, ನೇರವಾಗಿ ಸುಲ್ತಾನರ ಸೈನ್ಯದ ಕಡೆಗೇ ನಡೆಯುತ್ತಿದ್ದರು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರಗಳನ್ನು ನೋಡಿ ದಿಕ್ಕು ತಪ್ಪಿದೆ ಎಂದರು. ಬೇರ್ಡ್ ಮೊದಲು ನಂಬಲಿಲ್ಲ, ದಿಕ್ಸೂಚಿ ನೋಡಿದ ಮೇಲೆ ಪಡೆಯನ್ನು ಹಿಂತಿರುಗಿಸಿದ. ಟಿಪ್ಪುವಿನ ವೀರಮರಣದ ಬಗ್ಗೆ ನಮ್ಮ ಸಭೆಗಳಲ್ಲಿ ಎಷ್ಟೋ ಭಾಷಣಗಳಾಗುತ್ತವೆ, ಆದರೆ ಈ ಸಣ್ಣ ಘಟನೆಯನ್ನು ಯಾರೂ ಹೇಳುವುದಿಲ್ಲ. ನನಗೆ ಮಾತ್ರ ಅದು ಮತ್ತೆ ಮತ್ತೆ ನೆನಪಾಗುತ್ತದೆ. ಆಕಾಶ ಓದಲು ಬಂದವನೊಬ್ಬ ಆ ರಾತ್ರಿ ಇದ್ದದ್ದು ಎದುರಾಳಿಯ ಕಡೆ.

ಹಾಗೆಂದು ಈ ಇತಿಹಾಸದಲ್ಲಿ ನಮ್ಮವರು ಇರಲೇ ಇಲ್ಲ ಎಂದು ಭಾವಿಸಬೇಡಿ. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಎಂಬವರು ಸೂಕ್ಷ್ಮ ಯಂತ್ರಗಳ ಕೆಲಸದಲ್ಲಿ ಪಳಗಿದ್ದವರು. ಸರ್ವೇಯರ್ ಜನರಲ್ ಆಗಿದ್ದ ಬ್ಲ್ಯಾಕರ್ ಅವರ ಕಣ್ಣಿಗೆ ಬಿದ್ದು ಸರ್ವೇ ಇಲಾಖೆ ಸೇರಿದರು. ಇಂಗ್ಲೆಂಡಿನಿಂದ ಕರೆಸಿದ ಬ್ಯಾರೋ ಎಂಬ ಯಂತ್ರ ತಜ್ಞನ ಜೊತೆ ಕೆಲಸ ಮಾಡಿ, ಆತ ಹೋದ ಮೇಲೆ 1840ರ ದಶಕದಲ್ಲಿ ಅದೇ ಸ್ಥಾನಕ್ಕೆ ನೇಮಕಗೊಂಡರು. ಜಾರ್ಜ್ ಎವರೆಸ್ಟ್ ಅವರೇ ಇದಕ್ಕೆ ಶಿಫಾರಸು ಮಾಡಿದರು. ಕೋನ ಅಳೆಯುವ ಥಿಯೋಡಲೈಟ್‌ಗಳನ್ನು ರಿಪೇರಿ ಮಾಡಿ, ಅವುಗಳ ಗೆರೆಗಳನ್ನು ಹೊಸದಾಗಿ ಕೊರೆದು ಕೊಡುವ ಕೈ ಈ ಆರ್ಕಾಟಿನ ಮನುಷ್ಯನದು. ಹಿಮಾಲಯದ ಶಿಖರಕ್ಕೆ ಎವರೆಸ್ಟ್ ಹೆಸರು ನಿಂತಿತು, ಮೊಹ್ಸಿನ್ ಹುಸೇನರ ಹೆಸರು ಇಲಾಖೆಯ ಕಡತದಲ್ಲಿ ಉಳಿಯಿತು.

ಇನ್ನೊಬ್ಬರು ಮುನ್ಷಿ ಅಬ್ದುಲ್ ಹಮೀದ್. ಬ್ರಿಟಿಷರು ಕಾಲಿಡಲಾಗದ ಮಧ್ಯ ಏಷ್ಯಾದ ನಾಡುಗಳನ್ನು ಗುಟ್ಟಾಗಿ ಅಳೆಯಲು ಭಾರತೀಯರಿಗೇ ತರಬೇತಿ ಕೊಡಬೇಕೆಂದು ಕ್ಯಾಪ್ಟನ್ ಮಾಂಟ್ಗೊಮೆರಿ ಯೋಚಿಸಿದಾಗ ಮೊದಲು ಆರಿಸಿಕೊಂಡದ್ದು ಇವರನ್ನು. 1863ರಲ್ಲಿ ವ್ಯಾಪಾರಿಯ ವೇಷದಲ್ಲಿ ಲೇಹ್‌ನಿಂದ ಹೊರಟು ಯಾರ್ಕಂದ್ ತಲುಪಿ, ಒಂದು ಚಳಿಗಾಲವಿಡೀ ಅಲ್ಲಿದ್ದು ನಕ್ಷತ್ರಗಳಿಂದ ಆ ಊರಿನ ಅಕ್ಷಾಂಶವನ್ನು ಕಂಡುಹಿಡಿದರು. ವಾಪಸು ಬರುವ ದಾರಿಯಲ್ಲಿ ತೀರಿಕೊಂಡರು, ಟಿಪ್ಪಣಿಗಳು ಮಾತ್ರ ಭಾರತ ತಲುಪಿದವು. ಅವರ ನಂತರ ಬಂದ ನೈನ್ ಸಿಂಗ್ ಮೊದಲಾದವರು ಡೆಹ್ರಾಡೂನಿನಲ್ಲಿ ಒಂದೇ ಅಳತೆಯ ಹೆಜ್ಜೆ ಇಡುವುದನ್ನು ಅಭ್ಯಾಸ ಮಾಡಿ, ಜಪಮಾಲೆಯ 108 ಮಣಿಗಳ ಬದಲು 100 ಮಣಿ ಇಟ್ಟುಕೊಂಡು, ನೂರು ಹೆಜ್ಜೆಗೆ ಒಂದು ಮಣಿಯಂತೆ ಎಣಿಸುತ್ತಾ ಟಿಬೆಟ್ಟನ್ನು ಅಳೆದರು.

ಒಂದು ಹೆಜ್ಜೆ, ಒಂದು ಸರಪಳಿ, ಒಂದು ಕೋನ. ಇಷ್ಟೇ ಆಧಾರದ ಮೇಲೆ ಇಡೀ ದೇಶದ ನಕ್ಷೆ ತಯಾರಾಗಲು ಹಲವು ದಶಕಗಳು, ಸಾವಿರಾರು ಖಲಾಸಿಗಳ ದುಡಿಮೆ, ಮಲೇರಿಯಾದಿಂದ ಎಷ್ಟೋ ಸಾವುಗಳು ಬೇಕಾದವು. ಕ್ಯಾಮೆರಾ ಆಕಾಶಕ್ಕೆ ಏರಿದಾಗ ಬದಲಾದದ್ದು ಇದು.

1858ರಲ್ಲಿ ನಾದಾರ್ ಎಂಬ ಫ್ರೆಂಚ್ ಛಾಯಾಗ್ರಾಹಕ ಬಲೂನಿನಲ್ಲಿ ಮೇಲೇರಿ ಭೂಮಿಯ ಚಿತ್ರ ತೆಗೆದ. ಬಲೂನಿನಿಂದ ಸೋರುವ ಅನಿಲ ಗಾಜಿನ ಫಲಕಗಳನ್ನು ಕೆಡಿಸುತ್ತಿದ್ದುದರಿಂದ ಅವನಿಗೆ ಮೊದಮೊದಲು ಬರೀ ಕಪ್ಪು ಫಲಕಗಳೇ ಸಿಕ್ಕಿದವು. ಅವನ ಆ ಚಿತ್ರ ಈಗ ಉಳಿದಿಲ್ಲ. ಇಂದು ಉಳಿದಿರುವ ಅತ್ಯಂತ ಹಳೆಯ ವೈಮಾನಿಕ ಚಿತ್ರ 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ್ದು. ಆದರೆ ಇವು ಕುತೂಹಲದ ಪ್ರಯೋಗಗಳು. ಇದು ಕ್ರಮಬದ್ಧ ವಿದ್ಯೆಯಾದದ್ದು, ದುಃಖದ ಸಂಗತಿಯೆಂದರೆ, ಮೊದಲ ಮಹಾಯುದ್ಧದಲ್ಲಿ. ಮೆಸೊಪೊಟೇಮಿಯಾ ಮತ್ತು ಪ್ಯಾಲೆಸ್ತೀನಿನ ರಣರಂಗಗಳಲ್ಲಿ ಸರಿಯಾದ ನಕ್ಷೆಗಳಿರಲಿಲ್ಲ. ವಿಮಾನದ ಚಿತ್ರಗಳನ್ನು ಜೋಡಿಸಿ ನಕ್ಷೆ ಬರೆಯುವುದನ್ನು ಸೈನಿಕರಿಗೆ ಅವಸರದಲ್ಲಿ ಕಲಿಸಲಾಯಿತು. 1918ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವಪಡೆ ಹೈಫಾ ಪಟ್ಟಣದಲ್ಲಿ ಹೋರಾಡುವ ವೇಳೆಗೆ ಆ ನಾಡಿನ ಬಹುಭಾಗದ ಮೇಲೆ ಎರಡೂ ಕಡೆಯ ಕ್ಯಾಮೆರಾಗಳು ಹಾರಾಡಿದ್ದವು. ಜರ್ಮನಿಯ ಬವೇರಿಯಾದ 304ನೇ ವಿಮಾನದಳ ತೆಗೆದ ಚಿತ್ರಗಳು ಮ್ಯೂನಿಕ್‌ನ ಪತ್ರಾಗಾರದಲ್ಲಿ ಇವೆ. ಬೈತುಲ್ ಮುಕದ್ದಸ್ ನಗರ, ಸುತ್ತಲಿನ ಹಳ್ಳಿಗಳು, ಆಲಿವ್ ತೋಟಗಳು ಅಂದು ಹೇಗಿದ್ದವು ಎಂಬುದಕ್ಕೆ ಅವು ಸಾಕ್ಷಿ. ಆ ಹಳ್ಳಿಗಳಲ್ಲಿ ಹಲವು 1948ರ ನಂತರ ನೆಲದ ಮೇಲೆ ಇಲ್ಲ, ಚಿತ್ರದಲ್ಲಿ ಮಾತ್ರ ಇವೆ.

ಯುದ್ಧ ಮುಗಿದ ಮೇಲೆ ಈ ವಿದ್ಯೆ ನಮ್ಮ ಕಡೆಗೂ ಬಂತು. 1924ರಲ್ಲಿ, ಬರ್ಮಾ ಇನ್ನೂ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಾಗ, ಐರಾವತಿ ನದಿಯ ಮುಖಜ ಭೂಮಿಯ ಕಾಡುಗಳನ್ನು ನೀರಿನ ಮೇಲೆ ಇಳಿಯುವ ವಿಮಾನಗಳಿಂದ ಚಿತ್ರ ತೆಗೆಯಲಾಯಿತು. ಕೆಸರು, ಮೊಸಳೆ, ಜ್ವರಗಳ ನಡುವೆ ನಡೆದು ಅಳೆಯಲಾಗದ ಕಾಡು ಅದು. ಸ್ವಾತಂತ್ರ್ಯದ ನಂತರ ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶವನ್ನು ಮೀಟರ್ ಪದ್ಧತಿಯ 1:50,000 ಪ್ರಮಾಣದ ಹಾಳೆಗಳಲ್ಲಿ ಹೊಸದಾಗಿ ಬರೆಯಲು ಹೊರಟಾಗ ವೈಮಾನಿಕ ಚಿತ್ರವೇ ಅದರ ಬೆನ್ನೆಲುಬಾಯಿತು. ಈಗ ಪ್ರಶ್ನೆ ಎದ್ದಿತು. ಚಿತ್ರಗಳೇನೋ ರಾಶಿ ರಾಶಿ ಬರುತ್ತವೆ, ಅವನ್ನು ಓದುವವರು ಎಲ್ಲಿ?

ಇಲ್ಲಿ ನಾವು ಸ್ವಲ್ಪ ಹೊತ್ತು ಹಾಲೆಂಡಿಗೆ ಹೋಗಬೇಕು. ವಿಲ್ಲೆಮ್ ಶೆರ್ಮರ್‌ಹಾರ್ನ್ ಎಂಬವರು ಡೆಲ್ಫ್ಟ್ ನಗರದಲ್ಲಿ ಸರ್ವೇ ಶಾಸ್ತ್ರದ ಪ್ರಾಧ್ಯಾಪಕರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಒತ್ತೆಯಾಳಾಗಿ ಬಂಧನದಲ್ಲಿದ್ದು, ಯುದ್ಧ ಮುಗಿದ ಕೂಡಲೇ 1945ರಲ್ಲಿ ತಮ್ಮ ದೇಶದ ಪ್ರಧಾನಮಂತ್ರಿಯಾದರು. ಒಂದು ವರ್ಷದ ಆಡಳಿತ. ಆಮೇಲೆ ಅವರು ಮಾಡಿದ ದೊಡ್ಡ ಕೆಲಸವೆಂದರೆ 1950ರ ಡಿಸೆಂಬರಿನಲ್ಲಿ ಐಟಿಸಿ ಎಂಬ ವೈಮಾನಿಕ ಸರ್ವೇಕ್ಷಣೆಯ ಅಂತರರಾಷ್ಟ್ರೀಯ ತರಬೇತಿ ಕೇಂದ್ರವನ್ನು ಡೆಲ್ಫ್ಟ್‌ನಲ್ಲಿ ಸ್ಥಾಪಿಸಿದ್ದು. ಹೊಸದಾಗಿ ಸ್ವತಂತ್ರವಾಗುತ್ತಿದ್ದ ದೇಶಗಳ ತರುಣರು ತಮ್ಮ ನೆಲವನ್ನು ತಾವೇ ಅಳೆಯುವಂತಾಗಬೇಕು ಎಂಬುದು ಅದರ ಗುರಿ. ಪ್ರಧಾನಿಯಾಗಿದ್ದ ವ್ಯಕ್ತಿ ಮತ್ತೆ ಪಾಠ ಹೇಳಲು ಹೋದರು ಎಂಬುದು, ಶಿಕ್ಷಕನಾದ ನನಗೆ ಒಳಗೊಳಗೇ ಹೆಮ್ಮೆ ತರುವ ವಿಷಯ.

1957ರಲ್ಲಿ ಪಂಡಿತ್ ಜವಾಹರಲಾಲ್ ನೆಹರೂ ಹಾಲೆಂಡಿಗೆ ಭೇಟಿ ಕೊಟ್ಟರು. ಇಂತಹ ಸಂಸ್ಥೆ ಭಾರತದಲ್ಲೂ ಬೇಕೆಂಬ ಆಲೋಚನೆ ಅಲ್ಲಿಯೇ ಮೂಡಿತು. ಆಲೋಚನೆ ಕೈಗೂಡಲು ಒಂಬತ್ತು ವರ್ಷ ಹಿಡಿಯಿತು, ಅಷ್ಟರಲ್ಲಿ ನೆಹರೂ ತೀರಿಹೋಗಿದ್ದರು. 1966ರ ಏಪ್ರಿಲ್ 21ರಂದು ಡಚ್ ಸರ್ಕಾರದ ಸಹಕಾರದೊಂದಿಗೆ, ಸರ್ವೇಕ್ಷಣಾ ಇಲಾಖೆಯ ಆಶ್ರಯದಲ್ಲಿ, ಡೆಹ್ರಾಡೂನಿನಲ್ಲಿ ಭಾರತೀಯ ಛಾಯಾಚಿತ್ರ ವ್ಯಾಖ್ಯಾನ ಸಂಸ್ಥೆ ಆರಂಭವಾಯಿತು. ಕಾಳಿದಾಸ ರಸ್ತೆಯಲ್ಲಿರುವ ಅದರ ಸ್ವಂತ ಕಟ್ಟಡ ಉದ್ಘಾಟನೆಯಾದದ್ದು 1972ರ ಮೇ 27ರಂದು, ನೆಹರೂ ಅವರ ಪುಣ್ಯತಿಥಿಯ ದಿನ. ಇದೇ ದಶಕದಲ್ಲಿ ಹೈದರಾಬಾದಿನ ಉಪ್ಪಲ್‌ನಲ್ಲಿ ಸರ್ವೇಕ್ಷಣಾ ಇಲಾಖೆಯ ತರಬೇತಿ ಸಂಸ್ಥೆಯೂ ಬೆಳೆಯಿತು. ಡೆಹ್ರಾಡೂನಿನಲ್ಲಿ ಚಿತ್ರವನ್ನು ಓದುವುದು, ಹೈದರಾಬಾದಿನಲ್ಲಿ ಚಿತ್ರದಿಂದ ನಕ್ಷೆ ಬರೆಯುವುದು ಎಂದು ಸ್ಥೂಲವಾಗಿ ಹೇಳಬಹುದು.

ವಿದ್ಯಾರ್ಥಿಗಳೇ, ಅಲ್ಲಿ ಏನು ಕಲಿಸುತ್ತಿದ್ದರು ಎಂದು ನೀವು ಕೇಳಬಹುದು. ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ. ಹಿಂದಿನ ಗೋಡೆಗೆ ಹೋಲಿಸಿದರೆ ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಬೆರಳನ್ನು ದೂರ ಒಯ್ದಷ್ಟೂ ಜಿಗಿತ ಕಡಿಮೆ. ಈ ಜಿಗಿತಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಎರಡು ಕಣ್ಣುಗಳಿಗೆ ಸ್ವಲ್ಪ ಬೇರೆ ಬೇರೆಯಾಗಿ ಕಾಣುವ ಚಿತ್ರಗಳನ್ನು ಮೆದುಳು ಸೇರಿಸಿ ಆಳ, ಎತ್ತರಗಳನ್ನು ತಿಳಿಯುತ್ತದೆ. ವಿಮಾನದಲ್ಲಿ ಮಾಡುವುದೂ ಇದನ್ನೇ. ಒಂದೇ ನೆಲವನ್ನು ಎರಡು ಬೇರೆ ಬೇರೆ ಜಾಗಗಳಿಂದ ಎರಡು ಚಿತ್ರ ತೆಗೆಯುತ್ತಾರೆ. ಸ್ಟೀರಿಯೋಸ್ಕೋಪ್ ಎಂಬ ಉಪಕರಣದ ಕೆಳಗೆ ಎರಡನ್ನೂ ಇಟ್ಟು ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಕಾಣುವಂತೆ ಮಾಡಿದರೆ ಚಪ್ಪಟೆ ಕಾಗದದಿಂದ ಬೆಟ್ಟ ಎದ್ದು ನಿಲ್ಲುತ್ತದೆ, ಬಾವಿ ಆಳಕ್ಕೆ ಇಳಿಯುತ್ತದೆ. ಕೆಲವರಿಗೆ ಮೊದಲ ದಿನವೇ ಕಾಣುತ್ತದೆ, ಕೆಲವರಿಗೆ ಅಭ್ಯಾಸ ಬೇಕು.

ಇಲ್ಲಿ ಒಂದು ಮಾತು. ನಮ್ಮ ಸಮಾರಂಭಗಳಲ್ಲಿ ಇಬ್ನ್ ಅಲ್-ಹೈಥಮ್ ಅವರು ಕ್ಯಾಮೆರಾ ಕಂಡುಹಿಡಿದರು ಎಂದು ಹೇಳುವುದು ವಾಡಿಕೆಯಾಗಿದೆ. ಅದು ಸರಿಯಲ್ಲ. ಕತ್ತಲ ಕೋಣೆಯ ರಂಧ್ರದಿಂದ ಬಿಂಬ ಬೀಳುವುದು ಅವರಿಗಿಂತ ಮೊದಲೇ ತಿಳಿದಿತ್ತು, ಅವರು ಅದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಆದರೆ ಅವರು ಮಾಡಿದ ಇನ್ನೊಂದು ಕೆಲಸವನ್ನು ನಾವು ಹೇಳುವುದೇ ಇಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಈ ವಿದ್ವಾಂಸರು "ಕಿತಾಬುಲ್ ಮನಾಝಿರ್" ಗ್ರಂಥದ ಮೂರನೇ ಭಾಗದಲ್ಲಿ ಎರಡು ಕಣ್ಣುಗಳ ನೋಟವನ್ನು ಕುರಿತು ಪ್ರಯೋಗಗಳನ್ನು ವಿವರಿಸುತ್ತಾರೆ. ಮೂಗಿಗೆ ಹೊಂದುವಂತೆ ಕಚ್ಚು ತೆಗೆದ ಒಂದು ಮರದ ಹಲಗೆ, ಅದರ ಮೇಲೆ ಮೇಣದ ಸಣ್ಣ ಗುರುತುಗಳು. ಹಲಗೆಯನ್ನು ಮೂಗಿನ ಬುಡಕ್ಕೆ ಹಿಡಿದು ಯಾವ ಗುರುತು ಒಂದಾಗಿ, ಯಾವುದು ಎರಡಾಗಿ ಕಾಣುತ್ತದೆ ಎಂದು ಪರೀಕ್ಷಿಸಿದರು. ಸ್ಟೀರಿಯೋಸ್ಕೋಪಿನ ಮುಂದೆ ಕೂತ ವಿದ್ಯಾರ್ಥಿ ಎದುರಿಸುವ ಮೊದಲ ತೊಂದರೆಯೂ ಇದೇ, ಒಂದಾಗಬೇಕಾದ ಚಿತ್ರ ಎರಡಾಗಿ ಕಾಣುವುದು. ಸಾವಿರ ವರ್ಷದ ಹಿಂದಿನ ಆ ಹಲಗೆಯನ್ನು ಯಾವ ಶಾಲೆಯಲ್ಲಾದರೂ ಐವತ್ತು ರೂಪಾಯಿಯೊಳಗೆ ಮಾಡಿಕೊಳ್ಳಬಹುದು.

ಇನ್ನು ಲೆಕ್ಕಕ್ಕೆ ಬರೋಣ. ಹತ್ತನೇ ತರಗತಿಯ ಸಮರೂಪ ತ್ರಿಭುಜಗಳು ಗೊತ್ತಿದ್ದರೆ ಸಾಕು. ಕ್ಯಾಮೆರಾದ ನಾಭಿದೂರವನ್ನು ಹಾರಾಟದ ಎತ್ತರದಿಂದ ಭಾಗಿಸಿದರೆ ಚಿತ್ರದ ಪ್ರಮಾಣ ಬರುತ್ತದೆ. ಸರ್ವೇ ಕ್ಯಾಮೆರಾದ ನಾಭಿದೂರ ಸುಮಾರು 15 ಸೆಂಟಿಮೀಟರ್. ವಿಮಾನ ನೆಲದಿಂದ 1,500 ಮೀಟರ್ ಎತ್ತರದಲ್ಲಿದ್ದರೆ ಪ್ರಮಾಣ 1:10,000. ಚಿತ್ರದ ಒಂದು ಬದಿ 23 ಸೆಂಟಿಮೀಟರ್. ಅಂದರೆ ನೆಲದ ಮೇಲೆ 2.3 ಕಿಲೋಮೀಟರ್. ಸ್ಟೀರಿಯೋ ನೋಟ ಸಿಗಬೇಕಾದರೆ ಪ್ರತಿ ಚಿತ್ರವೂ ಹಿಂದಿನ ಚಿತ್ರದ ಶೇಕಡಾ 60ರಷ್ಟು ಭಾಗವನ್ನು ಮತ್ತೆ ಹಿಡಿಯಬೇಕು. ಆದ್ದರಿಂದ 920 ಮೀಟರ್ ಮುಂದೆ ಹೋದ ಕೂಡಲೇ ಮುಂದಿನ ಚಿತ್ರ. ವಿಮಾನ ಸೆಕೆಂಡಿಗೆ 60 ಮೀಟರ್ ಹೋಗುತ್ತಿದ್ದರೆ ಹದಿನೈದು ಸೆಕೆಂಡಿಗೊಮ್ಮೆ ಕ್ಯಾಮೆರಾ ಕಣ್ಣು ತೆರೆಯಬೇಕು. ಒಂದು ಸಾಲು ಮುಗಿಸಿ ತಿರುಗಿ ಬರುವಾಗ ಪಕ್ಕದ ಸಾಲಿನ ಜೊತೆಗೂ ಶೇಕಡಾ 30ರಷ್ಟು ಹೊಂದಿಕೆ ಇರಬೇಕು. ಗಾಳಿಗೆ ವಿಮಾನ ಸರಿದು ನಡುವೆ ಒಂದು ಪಟ್ಟಿ ಬಿಟ್ಟುಹೋದರೆ ಆ ಊರು ನಕ್ಷೆಯಲ್ಲಿ ಇಲ್ಲ, ಮತ್ತೆ ಹಾರಬೇಕು.

ಚಿತ್ರವೇ ನಕ್ಷೆಯಲ್ಲ ಎಂಬುದು ಎರಡನೇ ಪಾಠ. ವಿಮಾನದ ಚಿತ್ರದಲ್ಲಿ ಎತ್ತರದ ವಸ್ತುಗಳೆಲ್ಲ ಚಿತ್ರದ ಕೇಂದ್ರದಿಂದ ಹೊರಕ್ಕೆ ವಾಲಿದಂತೆ ಕಾಣುತ್ತವೆ. ಕೇಂದ್ರದಿಂದ 10 ಸೆಂಟಿಮೀಟರ್ ದೂರದಲ್ಲಿ 30 ಮೀಟರ್ ಎತ್ತರದ ಮಿನಾರು ಇದ್ದರೆ, ಮೇಲೆ ಹೇಳಿದ ಹಾರಾಟದಲ್ಲಿ ಅದರ ತುದಿ ಬುಡದಿಂದ 2 ಮಿಲಿಮೀಟರ್ ಆಚೆ ಬಿದ್ದಿರುತ್ತದೆ. ಅಂದರೆ ನೆಲದ ಲೆಕ್ಕದಲ್ಲಿ 20 ಮೀಟರ್. ಈ ವಾಲುವಿಕೆಯನ್ನು ತಿದ್ದದೆ ಗಡಿ ಎಳೆದರೆ ಏನಾಗಬಹುದೆಂದು ನೀವೇ ಊಹಿಸಿ. ತಿದ್ದಲು ನೆಲದ ಮೇಲೆ ಸರಿಯಾಗಿ ಅಳೆದ ಕೆಲವು ಬಿಂದುಗಳು ಬೇಕೇ ಬೇಕು. ಆಕಾಶಕ್ಕೆ ಏರಿದರೂ ಸರ್ವೇಯರನ ಕಾಲು ನೆಲವನ್ನು ಬಿಡುವಂತಿಲ್ಲ.

ಮೂರನೆಯದು, ನನಗೆ ಅತ್ಯಂತ ಇಷ್ಟವಾದದ್ದು, ಚಿತ್ರ ಓದುವ ಕಲೆ. ಬಣ್ಣದ ಗಾಢತೆ, ಮೇಲ್ಮೈಯ ನಯ ಅಥವಾ ಒರಟು, ಆಕಾರ, ಗಾತ್ರ, ನೆರಳು, ಇರುವ ಜಾಗ, ಅಕ್ಕಪಕ್ಕದ ವಸ್ತುಗಳ ಸಂಬಂಧ. ಇವುಗಳಿಂದ ಮೇಲಿನಿಂದ ಕಾಣುವುದನ್ನು ಗುರುತಿಸಬೇಕು. ಎರೆಭೂಮಿ ಕಪ್ಪಾಗಿ ಕಾಣುತ್ತದೆ. ಅಡಿಕೆ ತೋಟ ಸಾಲುಸಾಲು ಚುಕ್ಕೆಗಳು. ಕೆರೆಯ ಒಂದು ಬದಿ ಮಾತ್ರ ನೆಟ್ಟಗೆ ಗೆರೆ ಎಳೆದಂತಿದ್ದರೆ ಅದು ಏರಿ. ನಮ್ಮ ಊರುಗಳ ಹೊರಗೆ ಒಂದು ಸಮತಟ್ಟಾದ ಬಯಲು, ಮಾಡು ಇಲ್ಲ, ಪಶ್ಚಿಮಕ್ಕೆ ಮಾತ್ರ ಒಂದು ಗೋಡೆ, ಗೋಡೆಯ ತೆಳುವಾದ ನೆರಳು. ಏನದು? ನನ್ನ ತರಗತಿಯ ಮಕ್ಕಳು ಒಂದೇ ಉಸಿರಿಗೆ "ಈದ್ಗಾ" ಎನ್ನುತ್ತಾರೆ. ಬೇರೆ ಊರಿನಿಂದ ಬಂದು ಕೂತ ಅಧಿಕಾರಿ ಅದನ್ನು ಖಾಲಿ ಜಾಗ ಎಂದು ಬರೆದುಬಿಡಬಹುದು. ಅವರ ಮನಸ್ಸಿನಲ್ಲಿ ದುರುದ್ದೇಶವಿರಬೇಕೆಂದೇನೂ ಇಲ್ಲ, ತಿಳಿಯದೆಯೇ ಬರೆಯಬಹುದು. ಆ ಮೇಜಿನ ಮುಂದೆ ಎಲ್ಲಾ ಬಗೆಯ ಮನೆಗಳ ಮಕ್ಕಳೂ ಇರಬೇಕೆಂದು ನಾನು ಹೇಳುವುದು ಇದಕ್ಕೇ.

ಡೆಹ್ರಾಡೂನಿನ ಸಂಸ್ಥೆಗೆ ಬರುತ್ತಿದ್ದವರು ಬಹುತೇಕ ಸರ್ಕಾರಿ ಇಲಾಖೆಗಳ ಭೂವಿಜ್ಞಾನಿಗಳು, ಅರಣ್ಯಾಧಿಕಾರಿಗಳು, ಮಣ್ಣು ತಜ್ಞರು, ನಗರ ಯೋಜಕರು. ಅವರು ಕಲಿತ ವಿದ್ಯೆಯ ಶಕ್ತಿ ಜನರಿಗೆ ತಿಳಿದದ್ದು 1970ರಲ್ಲಿ ಕೇರಳದಲ್ಲಿ ನಡೆದ ಒಂದು ಪ್ರಯೋಗದಿಂದ. ಪಿ. ಆರ್. ಪಿಶಾರೋಟಿ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಹೆಲಿಕಾಪ್ಟರಿನಿಂದ ತೆಂಗಿನ ತೋಟಗಳ ಚಿತ್ರಗಳನ್ನು ಅವಕೆಂಪು ಕಿರಣಗಳನ್ನು ಹಿಡಿಯುವ ವಿಶೇಷ ಫಿಲ್ಮಿನಲ್ಲಿ ತೆಗೆದರು. ಆರೋಗ್ಯವಂತ ಎಲೆ ಈ ಕಿರಣಗಳನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುವುದರಿಂದ ಚಿತ್ರದಲ್ಲಿ ಕಡುಗೆಂಪಾಗಿ ಕಾಣುತ್ತದೆ, ಬೇರು ರೋಗ ತಗುಲಿದ ಮರ ಮಂಕಾಗುತ್ತದೆ. ತೋಟದಲ್ಲಿ ನಿಂತು ನೋಡುವವನ ಕಣ್ಣಿಗೆ ರೋಗ ಕಾಣುವ ಮೊದಲೇ ಚಿತ್ರ ಅದನ್ನು ಹೇಳಿತು. ಭಾರತದ ದೂರಸಂವೇದಿ ವಿಜ್ಞಾನದ ಆರಂಭವೆಂದು ಇದನ್ನು ಪರಿಗಣಿಸುತ್ತಾರೆ, ಪಿಶಾರೋಟಿಯವರನ್ನು ಆ ವಿಜ್ಞಾನದ ಪಿತಾಮಹ ಎನ್ನುತ್ತಾರೆ. ಯುದ್ಧದಲ್ಲಿ ಬೆಳೆದ ವಿದ್ಯೆ ತೆಂಗಿನ ಮರದ ಬುಡಕ್ಕೆ ಬಂದು ನಿಂತದ್ದು ಹೀಗೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಸ್ಥಾಪನೆಯಾಯಿತು, 1976ರಲ್ಲಿ ಡೆಹ್ರಾಡೂನಿನ ಶಾಲೆ ಅದರ ಅಡಿಗೆ ಬಂತು. 1983ರಲ್ಲಿ ಅದರ ಹೆಸರು ಭಾರತೀಯ ದೂರಸಂವೇದಿ ಸಂಸ್ಥೆ, ಅಂದರೆ ಐಐಆರ್‌ಎಸ್ ಎಂದಾಯಿತು. 1988ರ ಮಾರ್ಚ್ 17ರಂದು ಕಝಾಕಿಸ್ತಾನದ ಬೈಕನೂರಿನಿಂದ ನಮ್ಮ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿತು. 1995ರಲ್ಲಿ ವಿಶ್ವಸಂಸ್ಥೆಗೆ ಸೇರಿದ ಏಷ್ಯಾ ಪೆಸಿಫಿಕ್ ಬಾಹ್ಯಾಕಾಶ ಶಿಕ್ಷಣ ಕೇಂದ್ರ ಡೆಹ್ರಾಡೂನಿನಲ್ಲೇ ನೆಲೆಯಾಯಿತು. ಒಂದು ಕಾಲದಲ್ಲಿ ಯಾರ್ಕಂದಿಗೆ ಗುಟ್ಟಾಗಿ ಮನುಷ್ಯರನ್ನು ಕಳಿಸಿದ ಇಲಾಖೆಯ ನೆಲೆಯಾದ ಅದೇ ಊರಿಗೆ, ಇಂದು ಮಧ್ಯ ಏಷ್ಯಾದ ಯುವಕ ಯುವತಿಯರು ಬಹಿರಂಗವಾಗಿ ಕಲಿಯಲು ಬರುತ್ತಾರೆ.

ಆದರೆ ನಮ್ಮ ಸಾಮಾನ್ಯ ಕಾಲೇಜಿನ ವಿದ್ಯಾರ್ಥಿಗೆ ವೈಮಾನಿಕ ಚಿತ್ರ ಬಹಳ ಕಾಲ ಗಗನಕುಸುಮವೇ ಆಗಿತ್ತು. ಚಿತ್ರ ತೆಗೆಯಲು ಅನುಮತಿ ಇದ್ದದ್ದು ವಾಯುಪಡೆಗೆ, ಕಲ್ಕತ್ತಾದ ಡಮ್‌ಡಮ್‌ನಲ್ಲಿದ್ದ ಒಂದು ಖಾಸಗಿ ಕಂಪನಿಗೆ, ಹೈದರಾಬಾದಿನ ಸಂಸ್ಥೆಗೆ ಮಾತ್ರ. ಚಿತ್ರಗಳಿಗೆ ರಕ್ಷಣಾ ಸಚಿವಾಲಯದ ಮಂಜೂರಾತಿ ಬೇಕಿತ್ತು. ಹಾಗಾಗಿ ಭೂಗೋಳದ ಎಂ.ಎ. ಮಾಡುವವರೂ ಹತ್ತಾರು ವರ್ಷ ಹಳೆಯ, ಅಂಚು ಹರಿದ ಒಂದೆರಡು ಜೋಡಿ ಚಿತ್ರಗಳಲ್ಲೇ ಅಭ್ಯಾಸ ಮಾಡಬೇಕಿತ್ತು. ದೇಶದ ಭದ್ರತೆ ಮುಖ್ಯ, ಒಪ್ಪೋಣ. ಆದರೆ ಉಪಗ್ರಹದ ಚಿತ್ರಗಳು ಪ್ರಪಂಚದ ಎಲ್ಲರ ಕಂಪ್ಯೂಟರಿಗೂ ಬಂದ ಮೇಲೂ ನಮ್ಮ ವಿದ್ಯಾರ್ಥಿಗೆ ಮಾತ್ರ ತನ್ನ ತಾಲ್ಲೂಕಿನ ಚಿತ್ರ ಸಿಗದಿದ್ದುದು ಸರಿಯಾಗಿತ್ತೆಂದು ನನಗೆ ಅನಿಸುವುದಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭೂಮಾಹಿತಿ ಮಾರ್ಗಸೂಚಿಗಳನ್ನು ಸಡಿಲಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಬಂದವು. ಬಾಗಿಲು ತೆರೆದದ್ದು ಆಗ.

ಅದಕ್ಕೂ ಮೊದಲೇ, 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಆರಂಭವಾಗಿತ್ತು. ಹಳ್ಳಿಗಳ ಗ್ರಾಮಠಾಣಾ ಪ್ರದೇಶವನ್ನು ಡ್ರೋನ್‌ನಿಂದ ಅಳೆದು ಮನೆಗಳಿಗೆ ಹಕ್ಕಿನ ಕಾರ್ಡು ಕೊಡುವ ಯೋಜನೆ ಇದು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2020ರ ಅಕ್ಟೋಬರ್ 11ರಂದು ಮೊದಲ ಕಾರ್ಡುಗಳನ್ನು ಕೊಟ್ಟಾಗ 763 ಹಳ್ಳಿಗಳಲ್ಲಿ ಎರಡು ನಮ್ಮ ರಾಜ್ಯದವು. ಇದರ ಕ್ರಮವನ್ನು ಗಮನಿಸಿ. ಡ್ರೋನ್ ಹಾರುವ ಮೊದಲು ಪ್ರತಿ ಆಸ್ತಿಯ ಗಡಿಗೂ ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಮಾಲೀಕರು, ಪಂಚಾಯಿತಿಯವರು ಎದುರಿಗೇ ಇರಬೇಕು. ಡ್ರೋನಿಗೆ ಯಾರ ಗೋಡೆ ಯಾರದೆಂದು ಗೊತ್ತಿಲ್ಲ, ಅದು ಬಿಳಿ ಗೆರೆಯನ್ನು ಕಾಣುತ್ತದೆ ಅಷ್ಟೇ. ಆಮೇಲೆ ಕರಡು ನಕ್ಷೆ ಪ್ರಕಟಿಸಿ ಆಕ್ಷೇಪಣೆಗೆ ಸಮಯ ಕೊಡುತ್ತಾರೆ.

ನನಗೆ ಗೊತ್ತಿರುವ ಒಂದು ಹಳ್ಳಿಯಲ್ಲಿ ಸುಣ್ಣ ಹಾಕುವ ದಿನ ಜಮಾಅತಿನ ಹಿರಿಯರು ಯಾರೂ ಖಬರಸ್ಥಾನದ ಬಳಿ ಹೋಗಲಿಲ್ಲ. "ಏನೋ ವಿಮಾನ ಬಿಡ್ತಾರಂತೆ ಮಾಸ್ಟರ್ ಸಾಬ್, ನೋಡೋಕೆ ಹುಡುಗರು ಹೋಗಿದ್ರು" ಎಂದರು ಮುತವಲ್ಲಿ ಚಾಚಾ. ಗೆರೆ ಎಳೆಯುವಾಗ ಖಬರಸ್ಥಾನದ ಹಳೆಯ ಮಣ್ಣಿನ ಬದುವಿನ ಬದಲು ಒಳಗಿನ ಕಾಲುದಾರಿಯೇ ಗಡಿಯೆಂದು ಹಾಕಲಾಗಿತ್ತು. ಕರಡು ನಕ್ಷೆ ಬಂದಾಗ ಅದನ್ನು ಮೊದಲು ಓದಿದವಳು ನನ್ನ ಹಳೆಯ ವಿದ್ಯಾರ್ಥಿನಿ, ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದ ಹುಡುಗಿ. ಬೇವಿನ ಮರ ಗೆರೆಯ ಹೊರಗಿದೆ, ಮರದ ಕೆಳಗೆ ತನ್ನ ದಾದಾ ಅವರ ಸಮಾಧಿ ಇದೆ, ಆದ್ದರಿಂದ ಗೆರೆ ತಪ್ಪು ಎಂದಳು. ಹಳೆಯ ಟಿಪ್ಪಣಿ ನಕಲು ತರಿಸಿ, ಬದುವಿನಿಂದ ಮರಕ್ಕೆ ಟೇಪು ಹಿಡಿದು ಅಳೆದು, ಹದಿನಾಲ್ಕು ಸಾಲುಗಳ ಕನ್ನಡ ಅರ್ಜಿಯನ್ನು ಅವಳೇ ಬರೆದಳು. ನಾನು ಮಾಡಿದ್ದು ಒತ್ತಕ್ಷರ ತಿದ್ದಿದ್ದು ಮಾತ್ರ. ಮರು ಅಳತೆಗೆ ಬಂದ ಸಿಬ್ಬಂದಿ ಸೌಜನ್ಯದಿಂದಲೇ ನೋಡಿ, ಅಕ್ಕಪಕ್ಕದ ಜಮೀನಿನವರನ್ನೂ ಕೇಳಿ, ಗೆರೆಯನ್ನು ಬದುವಿಗೆ ಸರಿಸಿದರು. ಪಕ್ಕದ ಹೊಲದ ಯಜಮಾನರು, ನಮ್ಮ ಧರ್ಮದವರಲ್ಲ, ಬದು ಎಲ್ಲಿತ್ತೆಂದು ತಾವೇ ತೋರಿಸಿಕೊಟ್ಟರು. ಮುಗಿಯಿತು, ಜಗಳವಿಲ್ಲ.

ಈಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗೆ ಬರುತ್ತೇನೆ. 2021ರ ನಿಯಮಗಳ ಪ್ರಕಾರ ಡ್ರೋನ್ ಪೈಲಟ್ ಪ್ರಮಾಣಪತ್ರಕ್ಕೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ನಾಗರಿಕ ವಿಮಾನಯಾನ ನಿರ್ದೇಶನಾಲಯದ ಮಾನ್ಯತೆ ಇರುವ ಕೇಂದ್ರದಲ್ಲಿ ತರಬೇತಿ ಪಡೆದಿರಬೇಕು. ಸೇರುವ ಮೊದಲು ಆ ಮಾನ್ಯತೆಯನ್ನು ತಪ್ಪದೆ ಪರಿಶೀಲಿಸಿ, ಬೋರ್ಡು ಹಾಕಿದವರೆಲ್ಲ ಮಾನ್ಯತೆ ಪಡೆದವರಲ್ಲ. ಡ್ರೋನ್ ಹಾರಿಸಲು ಬಂದರೆ ಸರ್ವೇ ಬಂದಂತಲ್ಲ ಎಂಬುದೂ ನೆನಪಿರಲಿ, ಮದುವೆ ಮನೆಯಲ್ಲಿ ವಿಡಿಯೋ ತೆಗೆಯುವವರೂ ಹಾರಿಸುತ್ತಾರೆ. ಗಣಿತ, ಭೂಗೋಳಗಳಲ್ಲಿ ಆಸಕ್ತಿ ಇರುವವರು ಸಿವಿಲ್ ಡಿಪ್ಲೊಮಾ ಅಥವಾ ಪದವಿಯ ನಂತರ ಈ ಕಡೆ ಬರಬಹುದು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ, ಅಂದರೆ 1794ರಲ್ಲಿ ಎಂಟು ಹುಡುಗರು ಕೂತ ಅದೇ ಶಾಲೆಯ ಪರಂಪರೆಯಲ್ಲಿ, ಭೂಮಾಹಿತಿ ವಿಷಯದಲ್ಲಿಯೇ ಬಿ.ಇ. ಇದೆ. ಹೈದರಾಬಾದಿನ ಉಪ್ಪಲ್ ಸಂಸ್ಥೆ ಇಂದಿಗೂ ತರಬೇತಿ ಕೊಡುತ್ತಿದೆ. ಡೆಹ್ರಾಡೂನಿನ ಐಐಆರ್‌ಎಸ್ 2007ರಿಂದ ದೂರಶಿಕ್ಷಣದ ಮೂಲಕ ಕಾಲೇಜು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದು, ಅದರ ಆನ್‌ಲೈನ್ ಕೋರ್ಸುಗಳಿಗೆ ಶುಲ್ಕವಿಲ್ಲ. ಮನೆಯಿಂದ ದೂರ ಕಳಿಸಲು ಹಿಂಜರಿಯುವ ಪೋಷಕರ ಹೆಣ್ಣುಮಕ್ಕಳಿಗೆ ಇದು ವಿಶೇಷವಾಗಿ ಉಪಯುಕ್ತ.

ಅಂದ ಹಾಗೆ, ಮೇಲೆ ಹೇಳಿದ ಹುಡುಗಿ ಅರ್ಜಿಯ ಜೊತೆ ಒಂದು ಕೈನಕ್ಷೆಯನ್ನೂ ಲಗತ್ತಿಸಿದ್ದಳು. ಬದು, ಬೇವಿನ ಮರ, ಕಾಲುದಾರಿ, ಉತ್ತರ ದಿಕ್ಕಿನ ಬಾಣ, ಪ್ರಮಾಣ 1:500. ಅದರ ಜೆರಾಕ್ಸ್ ಪ್ರತಿಯೊಂದನ್ನು ನಾನು ಇಟ್ಟುಕೊಂಡಿದ್ದೇನೆ. ಈಗ ಪದಗಳ ಪಟ್ಟಿ ಬರೆಯುವ ದಿನ "ನಕ್ಷೆ" ಎಂಬ ಪದ ಬಂದಾಗ ಅದನ್ನೇ ತರಗತಿಯಲ್ಲಿ ಒಂದು ಸುತ್ತು ಕೊಡುತ್ತೇನೆ.